ಮಲಕಾಜಪ್ಪ ವಿಷ ಹೊತ್ತ ಪ್ರಸಂಗ

ಪುರಾಣ ಹೇಳುವವರನ್ನು ಊರು ನೆನಪಿಡುತ್ತದೆ. ಕೇಳುವವರನ್ನು ನೆನಪಿಡುವುದು ಕಂಬ ಮಾತ್ರ. ಸೊಲ್ಲಾಪುರದ ಆ ಮಠದಲ್ಲಿ, ಎಡಸಾಲಿನ ಕಟ್ಟಕಡೆಯ ಕಂಬಕ್ಕೆ ಒಂದು ಎಣ್ಣೆಯ ಕಲೆಯಿದೆ. ಅದು ಮಲಕಾಜಪ್ಪನ ತಲೆ ಆನಿಸಿದ ಜಾಗ. ವರ್ಷವರ್ಷದ ಶ್ರಾವಣವೆಲ್ಲ ಆ ಕಂಬಕ್ಕೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ, ಷಟ್ಪದಿಯ ಓಟಕ್ಕೆ ಹೆಬ್ಬೆರಳು ಕುಣಿಸುತ್ತ ಕೇಳಿದ ಮನುಷ್ಯ ಅವನು. ಆಕಳಿಸುವುದಕ್ಕೆ ಮತ್ತು ‘ಶಿವಶಿವಾ’ ಎನ್ನುವುದಕ್ಕೆ ಬಿಟ್ಟರೆ ಮಠದಲ್ಲಿ ಅವನ ಬಾಯಿ ತೆರೆದದ್ದನ್ನು ಕಂಡವರಿಲ್ಲ. ಅವನ ಚಾದರದ ಅಂಗಡಿಯಲ್ಲೂ ಹಾಗೆಯೇ. ಗಿರಾಕಿ ಕೇಳಿದ್ದಕ್ಕೆ ‘ಐತಿ’ ಇಲ್ಲವೇ ‘ಇಲ್ಲ’. ಇವೆರಡರ ನಡುವೆ ವ್ಯಾಪಾರ ನಡೆಯುತ್ತಿತ್ತು, ಸಂಸಾರವೂ ನಡೆಯುತ್ತಿತ್ತು.

ಇಂಥ ಮಲಕಾಜಪ್ಪ ಈ ಶ್ರಾವಣದಲ್ಲಿ ಎದ್ದು ನಿಂತು ಮಾತಾಡಿಬಿಟ್ಟ.

ಆದದ್ದು ಹೀಗೆ. ಆ ಸಂಜೆ ಶಾಸ್ತ್ರಿಗಳು ಸಮುದ್ರ ಕಡೆದ ಕಥೆ ಹಿಡಿದಿದ್ದರು. ಹಾಲಾಹಲ ಎದ್ದಿತು, ದೇವತೆಗಳು ದಿಕ್ಕಿಗೊಬ್ಬರು ಓಡಿದರು, ಶಿವ ಅದನ್ನು ಅಂಗೈಯಲ್ಲಿ ಹಿಡಿದು ಕುಡಿದ, ಪಾರ್ವತಿ ಗಾಬರಿಯಾಗಿ ಬಂದು ಗಂಟಲು ಒತ್ತಿ ಹಿಡಿದಳು, ವಿಷ ಅಲ್ಲಿಯೇ ನಿಂತಿತು. ಅಷ್ಟು ಹೇಳಿ ಶಾಸ್ತ್ರಿಗಳು ವಾಡಿಕೆಯಂತೆ ಸಭೆಯ ಕಡೆ ಕೈ ಚಾಚಿದರು. “ಇವತ್ತಿನ ಕಾಲದಾಗ ಅಂಥಾ ವಿಷ ಹಿಡಿಯೋರು ಯಾರದಾರ?”

ಇದು ಉತ್ತರ ಬೇಡದ ಪ್ರಶ್ನೆ. ಇಂಥ ಪ್ರಶ್ನೆ ಕೇಳಿ ಶಾಸ್ತ್ರಿಗಳು ಮೆಣಸಿನ ಹಾಲು ಕುಡಿಯುತ್ತಾರೆ, ಸಭೆ ನಿಟ್ಟುಸಿರು ಬಿಡುತ್ತದೆ, ಎಲ್ಲ ಸುಸೂತ್ರ. ಆದರೆ ಅಂದು ಮಧ್ಯಾಹ್ನವೇ ಮಲಕಾಜಪ್ಪನ ಸೊಸೆ ಸಾರಿಕಾ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. “ನೋಡ್ರಿ ಮಾವಾರ, ಹಳೀ ಫೋನಿನಾಗ ಸೀಸ ಇರ್ತದ, ಪಾದರಸ ಇರ್ತದ. ಕಸದಾಗ ಒಗದ್ರ ನೆಲಕ್ಕ ಇಳೀತದ. ಹಳೀದಕ್ಕ ಪಾತ್ರಿ ಕೊಡೋ ಭಾಂಡೇವಾಲಾಗ ಕೊಟ್ರ ಮುಂದ ಯಾರರೆ ತಾಮ್ರದ ಆಶಾಕ್ಕ ಬಯಲಾಗ ಸುಡ್ತಾರ. ಆ ಹೊಗಿ ನಾವಽ ಕುಡೀಬೇಕು.” ಮಲಕಾಜಪ್ಪ ‘ಹ್ಞೂಂ’ ಎಂದಿದ್ದ. ಆ ‘ಹ್ಞೂಂ’ ಸಂಜೆಯವರೆಗೆ ಎದೆಯಲ್ಲಿ ಕುದಿಯುತ್ತಲೇ ಇತ್ತು.

“ನಾ ಹಿಡೀತೀನ್ರಿ,” ಎಂದು ಎದ್ದುನಿಂತ.

ಶಾಸ್ತ್ರಿಗಳಿಗೆ ಹಾಲು ನೆತ್ತಿಗೇರಿತು. ಇಡೀ ಮಠ ತಿರುಗಿ ಕಂಬವನ್ನು ನೋಡಿತು. ಮಾತಿನ ರೂಢಿ ಇಲ್ಲದವನಿಗೆ ಮಾತು ಬಂದರೆ ನಿಲ್ಲಿಸುವ ರೂಢಿಯೂ ಇರುವುದಿಲ್ಲ. “ನಿಮ್ಮ ನಿಮ್ಮ ಮನಿಯಾಗಿನ ಸತ್ತ ಫೋನು ಎಲ್ಲಾ ನನ್ನ ಕಡೆ ತಂದು ಕೊಡ್ರಿ. ಅವು ಬರೇ ಫೋನಲ್ಲ, ವಿಷದ ಡಬ್ಬಿ. ಎಲ್ಲಿಗೆ ಮುಟ್ಟಸಬೇಕೋ ಅಲ್ಲಿಗೆ ನಾ ಮುಟ್ಟಸ್ತೀನಿ. ನನ್ನ ಕೈಗೆ ಬಂದದ್ದು ಒಂದಽ ಒಂದು ಫೋನು ಭಾಂಡೇವಾಲಾನ ಪಾಲಾತು ಅಂದ್ರ...”

ಇಲ್ಲಿ ಮಾತು ಸಿಕ್ಕಿಕೊಂಡಿತು. ಪ್ರತಿಜ್ಞೆಗೊಂದು ಬಾಲ ಬೇಕು, ಅದು ಹೊಳೆಯಲೊಲ್ಲದು. ಪಕ್ಕದಲ್ಲಿ ಬೆಲ್ಲದ ವ್ಯಾಪಾರಿ ಗುರುಸಿದ್ಧ ಕೂತಿದ್ದ. ಅವನಿಗೆ ಬೆನ್ನುನೋವು, ಆದರೆ ಒರಗಲು ಕಂಬವಿಲ್ಲ. ಅವನು ಮೆಲ್ಲಗೆ ಎತ್ತಿಕೊಟ್ಟ. “ಅಂದ್ರ?”

“ಅಂದ್ರ, ಈ ಕಂಬಾ ಬಿಡ್ತೀನಿ! ಮತ್ತ ಇಲ್ಲಿ ಕೂಡೂದಿಲ್ಲ!” ಎಂದು ಮಲಕಾಜಪ್ಪ ವಿಭೂತಿ ಮುಟ್ಟಿದ.

ಗುರುಸಿದ್ಧನ ಮುಖ ನೋಡಬೇಕಿತ್ತು. ಅದೇ ಸಮುದ್ರದಿಂದ ಅಮೃತವೂ ಬಂತಲ್ಲ, ಅದು ತನ್ನ ಎಲೆಗೇ ಬಡಿಸಿದ ಹಾಗೆ ಅರಳಿತ್ತು.

ಹೆಂಗಸರ ಸಾಲಿನಲ್ಲಿ ಮಲಕಾಜಪ್ಪನ ಹೆಂಡತಿ ಲೀಲಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪಕ್ಕದವಳು ಮೊಣಕೈಯಿಂದ ತಿವಿದಳು. “ನಿಮ್ಮನಿಯವ್ರು ವಿಷಕಂಠ ಆದ್ರಲ್ರಿ ವೈನಿ!”

“ಆಗ್ಲಿ. ಗಂಟಲಾ ಹಿಡಿಯೂದೊಂದು ನನ್ನ ಪಾಲಿಗೆ ಉಳೀತು,” ಎಂದಳು ಲೀಲಾಬಾಯಿ. ಅವಳ ದನಿಯಲ್ಲಿ ಭಕ್ತಿ ಇರಲಿಲ್ಲ.

ಮರುದಿನ ಬೆಳಗಾಗುತ್ತಿದ್ದಂತೆ ವಿಜಾಪುರ ರಸ್ತೆಯ ಅವನ ಮನೆಯ ಗೇಟಿಗೆ ಚೀಲಗಳು ತೂಗುಬಿದ್ದವು. ಬೆನ್ನು ಒಡೆದ ಫೋನು, ರಬ್ಬರ್ ಹಾಕಿ ಕಟ್ಟಿದ ಫೋನು, ಬ್ಯಾಟರಿ ಉಬ್ಬಿ ಬಸುರಿಯಂತಾದ ಫೋನು, ಮಡಚಿದರೆ ಬಿಚ್ಚಲು ಬಾರದ ಫೋನು. ದಾನ ಮಾಡುವ ಹುರುಪಿನಲ್ಲಿ ಕೆಲವರು ಟಿವಿಯ ರಿಮೋಟೂ ತಂದರು. ಒಬ್ಬರು ಮಿಕ್ಸರ್ ತಂದಿಟ್ಟರು.

“ಇದು ಫೋನಲ್ಲಲ್ರಿ,” ಎಂದ ಮಲಕಾಜಪ್ಪ.

“ಸತ್ತದ್ದಂತೂ ಖರೆ ಐತಿಲ್ರಿ?” ಎಂದು ಅವರು ಕೈ ಮುಗಿದು ಹೋದರು.

ಪ್ರತಿಜ್ಞೆ ಮಾಡಿದವನ ಫೋನೇ ಮೊದಲು ಇರಬೇಕೆಂದು ಮಲಕಾಜಪ್ಪ ತನ್ನ ಹಳೆಯ ಗುಂಡಿ ಫೋನನ್ನು ಕಪಾಟಿನಿಂದ ತೆಗೆದು ರಾಶಿಗೆ ಹಾಕಿದ. ಅದರ ಮುಚ್ಚಳ ಬೀಳದಂತೆ ಶಿವದಾರದಂತೆ ಬಿಳಿ ನೂಲು ಸುತ್ತಿತ್ತು. ಗುರುಸಿದ್ಧ ದಿನಾ ಬಂದು ಹೋದ. ಫೋನು ಕೊಡಲಿಕ್ಕಲ್ಲ, ವಿಚಾರಿಸಲಿಕ್ಕೆ. “ಎಲ್ಲಾ ಅದಾವಿಲ್ಲ? ಒಂದೂ ಹೋಗಿಲ್ಲಲ್ಲ? ಹ್ಞಾಂ, ಛಲೋ ಆತು. ಅಲ್ಲೋ, ಆ ಕಂಬದ ಕಡೆ ಗಾಳಿ ಹೆಂಗ ಬರ್ತದ?”

ಅವನು ಹೋದರೆ ಭಾಂಡೇವಾಲಾ ಅಮೋಲ್ ಬರುತ್ತಿದ್ದ. ಮೋಟಾರ್ ಸೈಕಲ್ಲಿನ ಎರಡೂ ಕಡೆ ಪಾತ್ರೆಗಳು, ಮುಂದೆ ಭೋಂಗಾ ಎಂಬ ಧ್ವನಿವರ್ಧಕ, ಕೈಯಲ್ಲಿ ಮೈಕು. “ಜುನೇ ಮೊಬಾಯಿಲ್, ಬಂದ್ ಮೊಬಾಯಿಲ್, ಫುಟ್ಕೇ ಮೊಬಾಯಿಲ್ ದ್ಯಾ! ಸ್ಟೀಲಚೀ ಭಾಂಡೀ ಘ್ಯಾ!” ಎಂದು, ಹಳೆಯ ಫೋನು ಕೊಟ್ಟು ಸ್ಟೀಲಿನ ಪಾತ್ರೆ ಒಯ್ಯಿರೆಂದು ಮರಾಠಿಯಲ್ಲಿ ಕೂಗಿ, ಗೇಟಿನ ಮುಂದೆ ನಿಂತು, ರಾಶಿ ನೋಡಿ ಕನ್ನಡಕ್ಕೆ ಇಳಿಯುತ್ತಿದ್ದ. “ಮಾಮಾ, ಇಷ್ಟಕ್ಕ ಇಡೀ ಅಡಗಿ ಮನೀನ ತುಂಬಸ್ತೀನಿ. ಡಬ್ಬಿ, ಪಾತೇಲಿ, ಪರಾತ.”

“ಮುಂದ ನಡಿ.”

“ಮಾವಶೀ, ನೀವರೆ ಹೇಳ್ರಿ. ಈ ಬಟ್ಟಲಾ ನೋಡ್ರಿ, ಎಷ್ಟು ದಪ್ಪ ಐತಿ! ಬಾರಸ್ರಿ, ಗುಡಿ ಗಂಟಿ ಆಗ್ತದ.”

ಲೀಲಾಬಾಯಿ ಬಟ್ಟಲನ್ನು ಒಮ್ಮೆ ಬೆರಳಿನಿಂದ ಬಾರಿಸಿದಳು. ನಿಜಕ್ಕೂ ಗುಡಿಯ ಗಂಟೆಯ ನಾದ. ಆದರೆ ಮಲಕಾಜಪ್ಪ ಗೇಟು ಹಾಕಿದ.

ಇನ್ನು ಮುಟ್ಟಿಸುವ ಜಾಗ ಹುಡುಕಬೇಕಲ್ಲ. ಒಂದು ಕಚೇರಿಗೆ ಹೋದ. ಯಾವ ಕಚೇರಿ ಎಂದು ಹೇಳುವುದು ಬೇಡ, ಅಲ್ಲಿ ಫ್ಯಾನು ಇತ್ತು, ತಿರುಗುತ್ತಿರಲಿಲ್ಲ. ಮೇಜಿನ ಹಿಂದಿನ ಸಾಹೇಬರು ಕೇಳಿದರು. “ಓಲಾ ಕಚರಾನೋ, ಸುಕಾ ಕಚರಾನೋ?”

“ಹಸೀನೂ ಅಲ್ಲ, ಒಣಾನೂ ಅಲ್ರಿ. ವಿಷ.”

“ವಿಷಕ್ಕ ನಮ್ಮಲ್ಲಿ ಡಬ್ಬಿ ಇಲ್ಲ. ಮುಂಜಾನಿ ಕಸದ ಘಂಟಾಗಾಡಿ ಬರ್ತದಲ್ಲ, ಅದಕ್ಕ ಹಾಕಿಬಿಡ್ರಿ.”

“ಹಾಕೂದಿಲ್ರಿ.”

“ಯಾಕ?”

“ಹಾಕೂದಿಲ್ಲ.”

ಸಾಹೇಬರು ಅವನನ್ನು ಕೆಳಗಿನಿಂದ ಮೇಲೆ ನೋಡಿದರು. ಅವರ ಸೇವೆಯಲ್ಲಿ ‘ಆಗೂದಿಲ್ಲ’ ಎಂದು ಹೇಳುವವರು ತಾವು, ಕೇಳುವವರು ಜನ. ಇದು ತಿರುಗುಮುರುಗಾಗಿತ್ತು. ಕೊನೆಗೆ ಒಂದು ನಿಟ್ಟುಸಿರು ಬಿಟ್ಟು ಮೇಜಿನ ಸೆಳೆಗೂಡು ಎಳೆದು, ತಮ್ಮ ಎರಡು ಸತ್ತ ಫೋನುಗಳನ್ನು ತೆಗೆದು ಅವನ ಕೈಗಿಟ್ಟರು. “ಹೆಂಗೂ ಹೊಂಟೀರಿ. ಇವನ್ನೂ ಒಯ್ರಿ.”

ದಾರಿ ತೋರಿಸಿದವಳು ಸಾರಿಕಾ. ಅಕ್ಕಲಕೋಟೆಯ ಒಂದು ಕಾಲೇಜಿನಲ್ಲಿ ಈ ವಾರವೆಲ್ಲ ಹಳೆಯ ಫೋನು ಕೂಡಿಸುತ್ತಿದ್ದಾರಂತೆ, ಮನೀಷಾ ಎಂಬ ಮೇಡಂ ಮುಂದೆ ನಿಂತಿದ್ದಾರಂತೆ, ಅಲ್ಲಿಂದ ಅವು ಸರಕಾರ ಪರವಾನಿಗೆ ಕೊಟ್ಟ ಕಾರಖಾನೆಗೆ ಹೋಗಿ ಸುಡದೆ, ಸೋರದೆ ಬಿಚ್ಚಿಕೊಳ್ಳುತ್ತವಂತೆ. ಮಲಕಾಜಪ್ಪ ಅಂಗಡಿಯಿಂದ ಹೊಸ ಜೋಡಿ ಚಾದರ ತಂದ, ಎರಡು ನವಿಲು ಮುಖಾಮುಖಿ ಇರುವಂಥದು. ಮಿಕ್ಸರನ್ನು ಮನೆಯಲ್ಲಿ ಬಿಟ್ಟು, ಫೋನುಗಳನ್ನೆಲ್ಲ ಚಾದರದಲ್ಲಿ ಸುರಿದು ಗಟ್ಟಿಯಾಗಿ ಗಂಟು ಬಿಗಿದ. ಲೀಲಾಬಾಯಿ ಹಾಲು ತಂದಿಟ್ಟಳು. ಬಟ್ಟಲು ಫಳಫಳ ಹೊಳೆಯುತ್ತಿತ್ತು. ವಿಷ ಹೊತ್ತವನಿಗೆ ಬಟ್ಟಲು ನೋಡುವ ಪುರುಸೊತ್ತು ಎಲ್ಲಿ?

“ಇವತ್ತ ನಾಗರ ಪಂಚಮಿ,” ಎಂದಳು ಅವಳು. “ಅಕ್ಕಲಕೋಟಿಗೆ ಹೋಗಿ ಕಸ್ತೂರಬಾಯಿ ಅಕ್ಕಾರ ಮನಿಗೆ ಹೋಗದ ಬರ್ತೀರಾ?”

“ಮಿಠಾಯಿ ಡಬ್ಬಿ ಕಂಡಕ್ಟರ್ ಕೈಯಾಗ ಮೊನ್ನೇನ ಕಳಿಸೀನಲ್ಲ. ಇವನ್ನ ಕೊಟ್ಟು ಹಂಗಽ ಬಂದುಬಿಡ್ತೀನಿ. ಅಕ್ಕಗ ಗೊತ್ತಾಗೂದು ಬ್ಯಾಡ.”

ಓದುಗರೇ, ಪಂಚಮಿಯ ದಿನ ಒಬ್ಬ ತಮ್ಮ, ಹೆಗಲ ಮೇಲೆ ಒಂದು ಗಂಟು, ಅಕ್ಕನ ಊರಿನ ಬಸ್ಸು. ಇದನ್ನು ನೋಡಿದ ನಮ್ಮ ಕಡೆಯ ಯಾವ ಹೆಂಗಸಿಗಾದರೂ ಆ ಗಂಟಿನಲ್ಲಿ ಏನಿದೆ ಎಂದು ಕೇಳುವ ಅಗತ್ಯ ಉಂಟೆ? ಉಂಡಿ. ತವರಿನ ಉಂಡಿ. ಶೇಂಗಾ, ಎಳ್ಳು, ಪುಟಾಣಿ, ರವೆ, ಯಾವುದಾದರೂ ಸರಿ, ಉಂಡಿಯೇ. ಅಕ್ಕನಿಗೆ ತವರಿಗೆ ಬರಲಾಗದಿದ್ದರೆ ತಮ್ಮ ಹೊತ್ತು ತಂದು ಕೊಡಬೇಕು. ಇಷ್ಟು ಸಣ್ಣ ಮಾತು ಮಲಕಾಜಪ್ಪನ ತಲೆಗೆ ಹೊಳೆಯಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ದ್ರೌಪದಿಗೆ ಹೊಳೆಯಿತು. ಅವಳ ತವರುಮನೆ ಕಸ್ತೂರಬಾಯಿಯ ಮನೆಗೆ ಗೋಡೆಗೆ ಗೋಡೆ.

“ಅಕ್ಕನ ಮನಿಗಿ ಹೊಂಟ್ರೇನಣ್ಣಾ?” ಎಂದು ಗಂಟನ್ನು ಒತ್ತಿ ನೋಡಿದಳು. “ಅಬಬಾ, ಎಷ್ಟು ಗಟ್ಟಿ ಆಗ್ಯಾವ! ಪಾಕ ಸ್ವಲ್ಪ ಏರೈತಿ ನೋಡ್ರಿ. ವೈನಿಗಿ ಹೇಳ್ರಿ, ಮುಂದಿನ ಸಲ ಎಳೀ ಪಾಕಕ್ಕ ಇಳಸ್ಲಿ.”

ಮಲಕಾಜಪ್ಪ ತನ್ನ ಸ್ವಭಾವದಂತೆ ಸುಮ್ಮನಿದ್ದ. ಕೇಳಿಸಿಕೊಂಡೇ ಬೆಳೆದ ಮನುಷ್ಯ. ಅವನ ಮೌನ ಅವನಿಗೆ ಮಾಡಿದ ಉಪಕಾರ ಎಷ್ಟೋ, ಆದರೆ ಅಂದು ಮಾಡಿದ ಅಪಕಾರ ಅವೆಲ್ಲವನ್ನೂ ಮೀರಿಸಿತು. ದ್ರೌಪದಿ ಆಗಲೇ ಫೋನು ಕಿವಿಗೆ ಹಿಡಿದಿದ್ದಳು. “ಕಸ್ತೂರಕ್ಕಾ! ನಿನ್ನ ತಮ್ಮ ಬರಾಕತ್ತಾನ! ಎಷ್ಟು ದೊಡ್ಡ ಗಂಟು ಅಂತೀ, ಸೀಟಿನ ಮ್ಯಾಲ ನನಗಽ ಜಾಗಾ ಇಲ್ಲ!”

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಇಳಿದರೆ ಎದುರಿಗೆ ದಾಜಿ. ದಾಜಿ ಎಂದರೆ ಅಕ್ಕನ ಗಂಡ ಭೀಮಣ್ಣ, ಹೊಲಮನೆ ಉಳ್ಳವನು, ಮೀಸೆ ಉಳ್ಳವನು. ಮಲಕಾಜಪ್ಪ ಬಂದರೆ ಹೊಸ್ತಿಲು ದಾಟಿ ಬಾರದ ದಾಜಿ ಇಂದು ಸ್ಟ್ಯಾಂಡಿಗೇ ಬಂದು ಗಂಟಿಗೆ ಕೈ ಹಾಕಿದ. “ತಾ ಇಲ್ಲೆ! ಈ ವಜ್ಜಾ ನೀ ಯಾಕ ಹೊರತೀ? ಕಂಡಕ್ಟರ್ ಕೈಯಾಗ ಡಬ್ಬಿ ಕಳಿಸೂ ತಮ್ಮ ಅಂತ ಓಣಿ ಎಲ್ಲಾ ನಗತಿತ್ತು. ಇವತ್ತ ಬಾಯಿ ಮುಚ್ಚಸೀ ನೋಡು.”

“ದಾಜೀ, ಅದು...”

“ಏನೂ ಹೇಳಬ್ಯಾಡ. ನಡಿ.”

ಕಸ್ತೂರಬಾಯಿಯ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಎಲ್ಲರಿಗಿಂತ ಮುಂದೆ ನೀಲಗಂಗಾ. ಅವಳಿಗೆ ಸಾಲಾಗಿ ಅಣ್ಣತಮ್ಮಂದಿರು, ಪ್ರತಿ ಪಂಚಮಿಗೂ ಅವಳ ಮನೆಗೆ ಬುಟ್ಟಿಗಟ್ಟಲೆ ಉಂಡಿ. ಅವಳು ತನ್ನ ತವರಿನ ಉಂಡಿ ಹಂಚುವಾಗ ಕಸ್ತೂರಬಾಯಿಗೆ ಮಾತ್ರ ಎರಡು ಹೆಚ್ಚು ಇಡುತ್ತಿದ್ದಳು, “ಪಾಪ, ನಿಮಗ ತವರಿನವು ಬರೂದಿಲ್ಲಲ್ಲ” ಎಂದು. ಆ ಎರಡು ಉಂಡಿ ಕಸ್ತೂರಬಾಯಿಯ ಗಂಟಲಲ್ಲಿ ವರ್ಷಗಳಿಂದ ಇಳಿದಿರಲಿಲ್ಲ.

ಇಂದು ಅವಳು ಮಣೆ ಹಾಕಿದಳು. ಗಂಟನ್ನು ಮಣೆಯ ಮೇಲೆ ಇಡಿಸಿದಳು. ನವಿಲುಗಳಿಗೆ ಅರಿಷಿಣ ಕುಂಕುಮ ಏರಿಸಿದಳು. “ನೋಡ್ರೆವಾ, ನನ್ನ ತಮ್ಮ ತಂದಾನ,” ಎಂದು ಗಂಟು ಬಿಚ್ಚಿದಳು.

ಜೋಕಾಲಿ ನಿಂತಿತು.

ಚಾದರದ ಮೇಲೆ ಸತ್ತ ಫೋನುಗಳು ಒಂದರ ಮೇಲೊಂದು ಬಿದ್ದು ಆಕಾಶ ನೋಡುತ್ತಿದ್ದವು. ಅವುಗಳ ಕಪ್ಪು ಗಾಜಿನಲ್ಲಿ ಓಣಿಯ ಹೆಂಗಸರ ಮುಖಗಳೆಲ್ಲ ಕಂಡವು.

ಮೊದಲು ಚೇತರಿಸಿಕೊಂಡವಳು ನೀಲಗಂಗಾ. “ಇದ್ಯಾವ ನಮೂನಿ ಉಂಡಿ ಅಕ್ಕಾ? ಹಲ್ಲಿಗಿ ಸ್ವಲ್ಪ ಬಿರಸ ಆಗಬೌದು.”

ಅಂಗಳ ಹೋ ಎಂದು ನಕ್ಕಿತು. ಭೀಮಣ್ಣನ ಮೀಸೆ ಕುಣಿಯತೊಡಗಿತು. “ಸೊಲ್ಲಾಪುರದ ಕಸಾ ಹೊತಗೊಂಡು ಬಂದು ನನ್ನ ಅಂಗಳದಾಗ ಸುರವತೀ? ಅದೂ ಪಂಚಮಿ ದಿನ? ಅಕ್ಕನ ಮನಿ ನಿನಗ ತಿಪ್ಪಿ ಕಂಡೈತೇನೋ?”

ಮಲಕಾಜಪ್ಪ ಅಕ್ಕನನ್ನು ನೋಡಿದ. ಅವಳು ಕುಂಕುಮದ ಬಟ್ಟಲು ಹಿಡಿದು ಕಲ್ಲಾಗಿ ನಿಂತಿದ್ದಳು. ತಾನು ಸುಮ್ಮನಿದ್ದು ಮಾಡಿದ ಕೆಲಸ ಇದು. ಆ ಶ್ರಾವಣದಲ್ಲಿ ಎರಡನೆಯ ಸಲ ಅವನ ಬಾಯಿ ತೆರೆಯಿತು.

“ಕಸಾ ಅಲ್ಲ ದಾಜೀ. ವಿಷ.”

“ವಿಷಾ?”

“ಹೌದು, ವಿಷ! ಮುಂಜಾನಿಂದ ನೀವು ಏನ ಮಾಡೀರಿ ಹೇಳ್ರಿ? ನಾಗಪ್ಪಗ ಹಾಲ ಎರದೀರಿ. ಅವನ ಹಲ್ಲಾಗ ವಿಷ ಐತಂತ ಅವನ್ನ ಗಟಾರಕ್ಕ ಒಗದೀರೇನು? ಬೆಂಕಿಗಿ ಹಾಕೀರೇನು? ನಿನ್ನ ಹುತ್ತದಾಗ ನೀ ತಣ್ಣಗ ಇರು ನಮ್ಮಪ್ಪಾ ಅಂತ ಕೈ ಮುಗದೀರಿ. ಇವಕ್ಕೂ ಒಂದು ಹುತ್ತ ಐತಿ, ಇಲ್ಲೇ ಕಾಲೇಜಿನಾಗ. ಅಲ್ಲಿಗಿ ಒಯ್ಯಾಕತ್ತಿದ್ದೆ, ನಡುವ ನೀವು ಹಿಡಕೊಂಡು ಬಂದ್ರಿ. ಅಕ್ಕಗ ಉಂಡಿ ತರಲಿಲ್ಲ, ಅದು ನಂದಽ ತಪ್ಪು, ಬಡೀರಿ. ಆದ್ರ ಇವನ್ನ ಕಸಾ ಅನಬ್ಯಾಡ್ರಿ. ಇವು ಕಸಾ ಆದ್ರ ನಮ್ಮ ಬಾವಿ ನೀರು ಹೊಲಸ ಆಗ್ತಾವ, ನಿಮ್ಮ ಕಬ್ಬು ಹೊಲಸ ಆಗ್ತದ.”

ಯಾರೂ ನಗಲಿಲ್ಲ. ಎಲ್ಲರ ಕಣ್ಣು ಕಸ್ತೂರಬಾಯಿಯ ಮೇಲೆ. ಅವಳು ಒಮ್ಮೆ ನೀಲಗಂಗಾಳನ್ನು ನೋಡಿದಳು, ಒಮ್ಮೆ ಗಂಡನನ್ನು. ಆಮೇಲೆ ಬಾಗಿ ಒಂದು ಒಡೆದ ಫೋನು ಎತ್ತಿ, ಅದರ ಹಣೆಗೆ ಕುಂಕುಮ ಹಚ್ಚಿದಳು.

“ಉಂಡಿ ಎಲ್ಲಾರ ತವರಿನವ್ರೂ ತರ್ತಾರ. ತಿಂದ್ರ ಮುಗದ ಹೋಗ್ತಾವ,” ಎಂದಳು. “ವಿಷ ಹೊತ್ತು ತರೂ ಗಂಡಸು ನಿಮ್ಮ ತವರಿನಾಗ ಯಾರದಾನ? ಅದಕ್ಕ ನನ್ನ ತಮ್ಮನಽ ಹುಟ್ಟಬೇಕು.”

ಹೇಳಿ ಒಳಗೆ ಹೋದಳು. ಜೋಳದ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಒಂದು ಫೋನು ಹೊರತೆಗೆದು ತಂದು ಗಂಟಿನ ಮೇಲಿಟ್ಟಳು. ಭೀಮಣ್ಣ ಬೇವಿನ ಮರದ ತುದಿ ನೋಡತೊಡಗಿದ. ಅದು ಮಂದ್ರೂಪದ ಸಂತೆಯಲ್ಲಿ ಕಳವಾಯಿತೆಂದು ಅವನು ಸುಳ್ಳು ಹೇಳಿ, ಮಗನಿಂದ ಹೊಸದು ಕೊಡಿಸಿಕೊಂಡಿದ್ದನಲ್ಲ, ಅದೇ ಫೋನು.

“ಸಿಕ್ಕಿತೇನು?” ಎಂದ ಭೀಮಣ್ಣ, ಮರಕ್ಕೇ.

“ಕಳ್ಳ ಭಾಳ ಒಳ್ಳೆಯವ. ಮನೀಗಿ ಬಂದು ಜೋಳದಾಗ ಇಟ್ಟ ಹೋಗ್ಯಾನ,” ಎಂದಳು ಕಸ್ತೂರಬಾಯಿ.

ಆಮೇಲೆ ಓಣಿಯನ್ನು ಯಾರು ತಡೆಯಬೇಕು? ಹೆಂಗಸರು ಮನೆಮನೆಗೆ ಓಡಿದರು. ಹಾಸಿಗೆಯ ಕೆಳಗಿನವು, ದೇವರ ಮಾಡದ ಹಿಂದಿನವು, ಕೂಸುಗಳು ಆಡಿ ಬಿಟ್ಟವು, ಎಲ್ಲ ಬಂದವು. ಕಸ್ತೂರಬಾಯಿಗಿಂತ ಕಡಿಮೆ ಬೀಳಬಾರದೆಂದು ನೀಲಗಂಗಾ ಮಡಿಲು ತುಂಬ ತಂದು ಸುರಿದಳು. ಅವಳ ಅಣ್ಣತಮ್ಮಂದಿರು ಉಂಡಿಯ ಜೊತೆಗೆ ಫೋನನ್ನೂ ಕೊಡುತ್ತಿದ್ದರೆಂದು ಓಣಿಗೆ ಅಂದೇ ತಿಳಿದದ್ದು.

ಗಂಟು ದುಪ್ಪಟ್ಟಾಯಿತು. ಭೀಮಣ್ಣನೇ ಹೊತ್ತ, ಬೇರೆ ಮಾತಾಡುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮುಂದೆ ಆರತಿ, ಹಿಂದೆ ಹೆಂಗಸರು, ನಡುವೆ ವಿಷ. ಕಾಲೇಜಿನ ಗೇಟಿಗೆ ಕೀಲಿ. ವಾಚ್‌ಮನ್ ಬಸಣ್ಣ ಬೀಡಿ ಕೆಳಗಿಟ್ಟು ಎದ್ದ. “ಇವತ್ತ ಸೂಟಿ ಐತ್ರಿ. ಪಂಚಮಿ. ನಾಳಿ ಬರ್ರಿ.”

“ನಾಳಿ ಬರೂದಿಲ್ಲ,” ಎಂದ ಮಲಕಾಜಪ್ಪ. ಒಮ್ಮೆ ರುಚಿ ಹತ್ತಿದ ಮೇಲೆ ಮಾತು ಬಿಡುವುದು ಕಷ್ಟ. “ಕೀಲಿ ತಗೀತಿಯೋ, ಇಲ್ಲೇ ಜೋಕಾಲಿ ಕಟ್ಟಿಸ್ಲ್ಯೋ?”

ಕೀಲಿಕೈ ಮನೀಷಾ ಮೇಡಮ್ಮರ ಬಳಿ ಇತ್ತು. ಮೇಡಂ ಹಿಂದಿನ ಓಣಿಯಲ್ಲಿ ಸ್ವತಃ ಜೋಕಾಲಿಯ ಮೇಲಿದ್ದರು. ಮೆರವಣಿಗೆ ಅಲ್ಲಿಗೇ ಹೋಯಿತು. ಮುಗಿಲಿನಿಂದ ಇಳಿದಂತೆ ಇಳಿದ ಮೇಡಂ, ಆರತಿಯನ್ನೂ ಗಂಟನ್ನೂ ನೋಡಿ ಮೊದಲು ಕೈ ಮುಗಿದರು, ಆಮೇಲೆ ವಿಷಯ ಕೇಳಿದರು, ಕೇಳಿ ಕೂದಲು ಕಟ್ಟಿಕೊಂಡು ಕೀಲಿಕೈ ತಂದರು. “ಒಂದು ಡಬ್ಬಿ ತುಂಬಿದ್ರ ಸಾಕು ಅಂತ ಕೂತಿದ್ದೆ ನೋಡ್ರಿ ಕಾಕಾ,” ಎನ್ನುತ್ತ ಬ್ಯಾಟರಿ ಉಬ್ಬಿದವನ್ನು ಬೇರೆ ಮಾಡಿ ಉಸುಕಿನ ಡಬ್ಬಿಗಿಟ್ಟರು. ಸಿಮ್ಮು, ಕಾರ್ಡು ತೆಗೆದು ಅವರವರ ಕೈಗೇ ಕೊಟ್ಟರು. ಉಳಿದವುಗಳನ್ನು ಮಲಕಾಜಪ್ಪ ಒಂದೊಂದಾಗಿ ಎತ್ತಿ ಪೆಟ್ಟಿಗೆಗೆ ಹಾಕಿದ.

ಹಾಕುತ್ತ ಹಾಕುತ್ತ ಅವನ ಕೈ ನಿಧಾನವಾಯಿತು. ಚಾದರ ಕೊಡವಿದ. ನವಿಲುಗಳನ್ನು ತಿರುಗಿಸಿ ನೋಡಿದ. ಊರವರ ಫೋನು ಎಲ್ಲ ಇದ್ದವು, ಕಚೇರಿಯ ಸಾಹೇಬರವೂ ಇದ್ದವು. ನೂಲು ಸುತ್ತಿದ ಗುಂಡಿ ಫೋನು ಇರಲಿಲ್ಲ. ಪ್ರತಿಜ್ಞೆ ಮಾಡಿದವನ ಫೋನೇ ಇರಲಿಲ್ಲ.

ಆ ದಿನ ಅಕ್ಕ ಬಿಡಲಿಲ್ಲ. ಮರುದಿನ ಅದೇ ಚಾದರದಲ್ಲಿ ನಿಜವಾದ ಉಂಡಿ ಕಟ್ಟಿ ಕಳಿಸಿದಳು. ಬಸ್ಸಿನುದ್ದಕ್ಕೂ ಮಲಕಾಜಪ್ಪನಿಗೆ ಬೆನ್ನು ಆನಿಸಲು ಏನೂ ಇಲ್ಲದಂತೆ ಆಗುತ್ತಿತ್ತು. ಸೀಟಿಗೆ ಬೆನ್ನಿತ್ತು, ಆದರೆ ಅದು ಆ ಕಂಬವಲ್ಲ.

ಮನೆಗೆ ಬಂದು ಕೂತ. ಲೀಲಾಬಾಯಿ ಹಾಲು ತಂದಿಟ್ಟಳು.

“ನನ್ನ ಫೋನು ಗಂಟಿನಾಗ ಇರಲಿಲ್ಲ,” ಎಂದ, ಒಂದು ಗುಟುಕು ಕುಡಿದು.

 ಲೀಲಾಬಾಯಿ ಬಟ್ಟಲನ್ನು ನೋಡಿದಳು. ಅವನೂ ನೋಡಿದ. ಬಟ್ಟಲಿನ ಹೊಟ್ಟೆಯಲ್ಲಿ ಅವನ ಮುಖ ಅಡ್ಡಡ್ಡ ಹಿಗ್ಗಿ ಕಾಣುತ್ತಿತ್ತು. ಬೆರಳಿನಿಂದ ಬಾರಿಸಿದ. ಗುಡಿಯ ಗಂಟೆ.

“ಇದಽ?”

“ಅದಽ. ನೀವು ಕಚೇರಿಗೆ ಹೋದಾಗ ತಗೊಂಡೆ. ಮಂದಿ ಫೋನು ನಾ ಮುಟ್ಟಿಲ್ಲ. ನಮ್ಮದೊಂದಽ ಕೊಟ್ಟೀನಿ. ಮನಿ ತುಂಬಾ ಸತ್ತ ಫೋನು ರಾಶಿ ಹಾಕೀರಿ, ನನ್ನ ಕೇಳಿದ್ರೇನು? ಕಂಬಾ ನಿಮ್ಮದಿರಬೌದು, ಕಪಾಟು ನಂದೂ ಐತಿ.”

ಎರಡನೆಯ ಗುಟುಕು ಗಂಟಲಲ್ಲೇ ನಿಂತಿತು. ಕೆಳಗೆ ಇಳಿಯದು, ಮೇಲೆ ಬಾರದು. ಇಷ್ಟು ಶ್ರಾವಣ ಕೇಳಿದ ಕಥೆಯಲ್ಲಿ ಶಿವನಿಗೆ ಆದದ್ದು ಏನೆಂದು ಮಲಕಾಜಪ್ಪನಿಗೆ ಅಂದೇ ತಿಳಿಯಿತು.

ಅಷ್ಟರಲ್ಲಿ ರಸ್ತೆಯ ಮೇಲೆ ಭೋಂಗಾ. “ಜುನೇ ಮೊಬಾಯಿಲ್, ಬಂದ್ ಮೊಬಾಯಿಲ್...”

ಹಾಲು ಇಳಿಯಿತೋ, ಮೇಲೆ ಬಂತೋ, ನೋಡಿದವರಿಲ್ಲ. ಮಲಕಾಜಪ್ಪ ಬಟ್ಟಲು ಹಿಡಿದು ಬರಿಗಾಲಲ್ಲಿ ಓಡುತ್ತಿದ್ದ. ಧೋತರದ ಚುಂಗು ಒಂದು ಕೈಯಲ್ಲಿ, ಬಟ್ಟಲು ಇನ್ನೊಂದರಲ್ಲಿ, ಮೀಸೆಯ ಮೇಲೆ ಹಾಲು. ತಿರುವಿನಲ್ಲಿ ಗುರುಸಿದ್ಧ ನಿಂತಿರಬೇಕೆ? ನಿಂತಿದ್ದ.

“ಹೋ, ವಿಷಕಂಠಾ! ಬಟ್ಟಲಾ ಹಿಡಕೊಂಡು ಭಾಂಡೇವಾಲಾನ ಹಿಂದ ಓಡಾಕತ್ತೀ? ಏನ ಸಮಾಚಾರ?”

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಬಟ್ಟಲು ತೂತಾಗಿದೆ ಎಂದಿದ್ದರೆ ಸಾಕಿತ್ತು. ಆದರೆ ವಿಭೂತಿ ಮುಟ್ಟಿದ ಕೈ ಅದು. “ನನ್ನ ಫೋನು ಅವನ ಪಾಲಾಗೈತಿ,” ಎಂದ ಮಲಕಾಜಪ್ಪ, ಏದುಸಿರು ಬಿಡುತ್ತ. “ತರಾಕ ಹೊಂಟೀನಿ. ಸಿಗಲಿಲ್ಲಂದ್ರ ಸಂಜೀಕ ಕಂಬಕ್ಕ ನೀ ಕೂಡು. ಅಲ್ಲೀತನಕ ದಾರಿ ಬಿಡು!”

ಗುರುಸಿದ್ಧ ದಾರಿ ಬಿಟ್ಟ, ಬಿಟ್ಟು ಹಿಂದೆಯೇ ಬಂದ.

ಅಮೋಲ್ ಗಾಡಿ ನಿಲ್ಲಿಸಿದ. “ಬಟ್ಟಲಾ ತಗೋ, ಫೋನು ಕೊಡು,” ಎಂದ ಮಲಕಾಜಪ್ಪ.

“ಉಲ್ಟಾ ಧಂದಾ ನಮ್ಮಲ್ಲಿ ಇಲ್ಲ ಮಾಮಾ. ಕೊಟ್ಟದ್ದು ಕೊಟ್ರಿ, ತಗೊಂಡದ್ದು ತಗೊಂಡ್ರಿ. ಅದರಾಗ ಹಾಲು ಬ್ಯಾರೆ ಕುಡದೀರಿ.”

ಜನ ಸೇರಿದರು. ಬಟ್ಟಲು ಎಂಜಲಾಯಿತೆ ಇಲ್ಲವೆ ಎಂದು ಇಬ್ಬರು ಚರ್ಚೆ ಶುರು ಮಾಡಿದರು. ಅಮೋಲ್ ಗಾಡಿಗೆ ಕಿಕ್ ಹೊಡೆಯಲು ಕಾಲೆತ್ತಿದ. ಗುರುಸಿದ್ಧ ಎರಡೂ ಕೈ ಬೆನ್ನಿಗೆ ಹಚ್ಚಿ ಸುಖವಾಗಿ ನಿಂತ.

ಆಗ ಗುಂಪು ಸೀಳಿಕೊಂಡು ಲೀಲಾಬಾಯಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ನೆಟ್ಟಗೆ ಹೋಗಿ ಅಮೋಲನ ಅಂಗಿಯ ಕಾಲರು ಹಿಡಿದಳು. ಅವನ ಕೈಯ ಮೈಕು ಇನ್ನೂ ಚಾಲೂ ಇತ್ತು.

“ಆ ಫೋನು ನನ್ನ ಗಂಡಂದು. ಕೊಟ್ಟಾಕಿ ನಾನು, ಕೇಳಾಕಿ ನಾನು. ತಗೀತೀಯೋ, ಗಂಟಲಾ ಹಿಡೀಲ್ಯೋ?”

ಭೋಂಗಾದಿಂದ ಹೊರಟ ಆ ಮಾತು ವಿಜಾಪುರ ರಸ್ತೆಯ ಉದ್ದಕ್ಕೂ ಹಾದುಹೋಯಿತು. ಆಚೆಯ ಬಡಾವಣೆ ಸೈಫುಲ್‌ವರೆಗೆ ಕೇಳಿಸಿತೆಂದು ಆಮೇಲೆ ಹೇಳಿದವರುಂಟು. ಪುರಾಣದ ಪಾರ್ವತಿ ಗಂಡನ ಗಂಟಲು ಹಿಡಿದಳು. ಇವಳು ಬೇರೆಯವನದು ಹಿಡಿದಳು. ವಿಷ ನಿಲ್ಲಬೇಕಾದ್ದು ಮುಖ್ಯ, ಗಂಟಲು ಯಾರದಾದರೇನು?

ಅಮೋಲ್ ಚೀಲದಲ್ಲಿ ಕೈಯಾಡಿಸಿದ. ಬಿಳಿ ನೂಲು ಸುತ್ತಿದ ಫೋನು ಬಂತು. ಮಲಕಾಜಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ.

ಅಮೋಲ್ ಕಾಲರು ಸರಿಮಾಡಿಕೊಂಡ. ಮೈಕು ಬಂದ್ ಮಾಡಿದ. ದನಿ ತಗ್ಗಿಸಿ ಕೇಳಿದ. “ಮಾವಶೀ, ಈ ಚೀಲದಾಗ ಬ್ಯಾಟರಿ ಉಬ್ಬಿದವು ಇನ್ನೂ ಅದಾವ. ಮುಂದಿನ ವ್ಯಾಪಾರಿ ಇವನ್ನ ಮುಟ್ಟಾಂಗಿಲ್ಲ. ಮನಿಯಾಗ ಇಡಾಕ ನನಗಽ ಅಂಜಿಕಿ. ಮಾಮಾ ವಿಷ ಹಿಡೀತಾರಂತಲ್ಲ, ತಗೋತಾರೇನು?”

ಮಲಕಾಜಪ್ಪ ಬಾಯಿ ತೆರೆದ. ಮುಚ್ಚಿದ. ಹೆಂಡತಿಯ ಮುಖ ನೋಡಿದ. ಈ ಸಲ ಕೇಳಿಯೇ ಮಾತಾಡಬೇಕೆಂಬ ಬುದ್ಧಿ ಅವನಿಗೆ ಬಂದಿತ್ತು.

ಲೀಲಾಬಾಯಿ ಚೀಲ ನೋಡಿದಳು, ಕಪಾಟು ನೆನೆದಳು, ಒಂದು ನಿಟ್ಟುಸಿರು ಬಿಟ್ಟಳು. “ಕೊಡು. ಮನಿಯೊಳಗ ಅಲ್ಲ, ಹಿತ್ತಲದಾಗ ಉಸುಕಿನಾಗ ಇಡಸ್ತೀನಿ. ನಾಳಿ ಅಕ್ಕಲಕೋಟಿ ಗಾಡಿಗೆ ನಾನೂ ಬರ್ತೀನಿ. ಇವರನ್ನೊಬ್ಬರನ್ನ ಕಳಿಸಿದ್ರ ಮತ್ತ ಯಾರರೆ ಆರತಿ ಮಾಡ್ತಾರ.”

“ಬಟ್ಟಲಾ?” ಎಂದ ಅಮೋಲ್, ಕೈ ಚಾಚಿ.

ಲೀಲಾಬಾಯಿ ಗಂಡನ ಕೈಯಿಂದ ಬಟ್ಟಲು ತೆಗೆದುಕೊಂಡು, ಸೆರಗಿನಿಂದ ಒರಸಿ, ತನ್ನ ಕಂಕುಳಿಗೆ ಸೇರಿಸಿಕೊಂಡಳು. “ವಿಷ ಹಿಡಿಯೂ ಮನಿಯಾಗ ಒಂದು ಬಟ್ಟಲಾನೂ ಬ್ಯಾಡೇನು?”

ಗುರುಸಿದ್ಧ ತನ್ನ ಬೆನ್ನನ್ನು ತಾನೇ ಒತ್ತಿಕೊಳ್ಳುತ್ತ ಬಂದ ದಾರಿ ಹಿಡಿದ.

ಆ ಸಂಜೆ ಮಲಕಾಜಪ್ಪ ಎಡಸಾಲಿನ ಕಟ್ಟಕಡೆಯ ಕಂಬಕ್ಕೆ ಬೆನ್ನು ಹಚ್ಚಿ, ಎಣ್ಣೆಯ ಕಲೆಗೆ ತಲೆ ಆನಿಸಿ ಕುಳಿತ. ಷಟ್ಪದಿ ಓಡಿತು, ಹೆಬ್ಬೆರಳು ಕುಣಿಯಿತು. ಕಥೆ ಒಂದು ಹದಕ್ಕೆ ಬಂದಾಗ ಶಾಸ್ತ್ರಿಗಳು ವಾಡಿಕೆಯಂತೆ ಸಭೆಯ ಕಡೆ ಕೈ ಚಾಚಿ, “ಇವತ್ತಿನ ಕಾಲದಾಗ...” ಎಂದು ಶುರು ಮಾಡಿದರು.

ಕಂಬದ ಬುಡದಲ್ಲಿ ಒಂದು ಜೊತೆ ಕಣ್ಣು ಮೆಲ್ಲಗೆ ತೆರೆಯಿತು.

ಶಾಸ್ತ್ರಿಗಳು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡು, ಅದರಿಂದಲೇ ಹಾಲಿನ ಲೋಟ ಎತ್ತಿಕೊಂಡರು. ಪ್ರಶ್ನೆ ಕೇಳಲಿಲ್ಲ.